ಡಚೆಸ್‌ಗೆ ಗೊತ್ತಿದ್ದ ಒಂದೇ ಮಾತು

ಓಥಾ ಪೀಬಲ್ಸ್‌ನನ್ನು ಸರಕಿನ ಹಾಗೆ ತೂಗಿ ನೋಡಿದ್ದರೆ, ಕಣ್ಣಿದ್ದ ಯಾವ ವ್ಯಾಪಾರಿಯೂ ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತಿದ್ದ. ಆಳು ಐದೂವರೆ ಅಡಿ. ಎಡಗಾಲು ಸ್ವಲ್ಪ ಎಳೆತ. ಮೇಲಿನ ಸಾಲಿನಲ್ಲಿ ಎರಡು ಹಲ್ಲಿನ ಜಾಗ ಖಾಲಿ. ಬೇಸಿಗೆ, ಚಳಿಗಾಲ ಎನ್ನದೆ ತಲೆಯ ಮೇಲೆ ಅದೇ ಕಂದು ಟೋಪಿ. ಗಾಡಿ ಯಾವುದೋ ಕಾಲದಲ್ಲಿ ಕೆಂಪಗಿತ್ತಂತೆ. ತಕ್ಕಡಿ ಅವನಪ್ಪನದು; ಅದು ಸದಾ ಗಿರಾಕಿಯ ಕಡೆಗೇ ಒಂದು ಕೂದಲೆಳೆ ವಾಲುತ್ತಿತ್ತು, ಅದನ್ನು ಸರಿಮಾಡಿಸಬೇಕೆಂಬ ಬುದ್ಧಿಯೂ ಅವನಿಗಿರಲಿಲ್ಲ. ಹೀಗೆ ಒಂದೊಂದೇ ಕಳೆಯುತ್ತ ಬಂದರೆ ಕೊನೆಗೆ ಬೆಲೆ ಕಟ್ಟುವಂಥದ್ದು ಎರಡೇ ಉಳಿಯುತ್ತಿದ್ದವು: ಡಚೆಸ್ ಎಂಬ ಬೂದು ಬಣ್ಣದ ಹೆಣ್ಣು ಕುದುರೆ, ಮತ್ತು ಓಥಾನ ಗಂಟಲು.

ಗಂಟಲು ಮಾತ್ರ ಒಂದನೇ ನಂಬರಿನ ಮಾಲು. ಆಗ ಅಮೆರಿಕದ ಪಶ್ಚಿಮ ಬಾಲ್ಟಿಮೋರಿನ ಲಾಯದಿಂದ ಬೆಳಗಾದರೆ ಇಪ್ಪತ್ತು ಕುದುರೆಗಾಡಿಗಳು ಹಣ್ಣು ತರಕಾರಿ ಹೇರಿಕೊಂಡು ಹೊರಡುತ್ತಿದ್ದವು. ಇಪ್ಪತ್ತು ಗಾಡಿಗೆ ಇಪ್ಪತ್ತು ಕೂಗು. ಆನ್ ಅರಂಡೆಲ್ ಸೀಮೆಯ ಕ್ಯಾಂಟಲೋಪ್, ಅಂದರೆ ಕರಬೂಜ, ಬಂದಿದೆ ಎಂದು ಸಾರುವುದಕ್ಕೆ ಬೇರೆಯವರಿಗೆ ಎರಡು ಉಸಿರು ಬೇಕು. ಓಥಾ ಸೀಮೆಯ ಹೆಸರಿನ ತಲೆ ಹಾರಿಸಿ, ಹಣ್ಣಿನ ಹೆಸರಿನ ಬಾಲ ಮಾತ್ರ ಹಿಡಿದು, ‘ನರನ್‌ಲೋ... ಓ... ಓಪ್!’ ಎಂದು ಒಂದೇ ಎಳೆಗೆ ಎಳೆದುಬಿಡುತ್ತಿದ್ದ. ಮೂರು ಬೀದಿ ಆಚೆ ಅಡುಗೆಮನೆಯಲ್ಲಿದ್ದ ಹೆಂಗಸು ಕೈಯೊರೆಸಿಕೊಂಡು ಹೊರಗೆ ಬರುತ್ತಿದ್ದಳು. ಪರವೂರಿನವರಿಗೆ ಅದು ಯಾರಿಗೋ ಹೊಟ್ಟೆನೋವು ಬಂದ ಹಾಗೆ ಕೇಳಿಸುತ್ತಿತ್ತು.

ನಮ್ಮ ಬೀದಿಯ ಮಾತೇ ಹಾಗೆ. ಓದಿದವರು ಅದನ್ನು ಮುರುಕು ಮಾತು ಎನ್ನುತ್ತಾರೆ. ಅದು ಮುರಿದದ್ದಲ್ಲ, ಸುಲಿದದ್ದು. ಸಿಪ್ಪೆ ತೂಕಕ್ಕೆ ಬರುತ್ತದೆಯೇ ಹೊರತು ಬಾಯಿಗೆ ಬರುವುದಿಲ್ಲವಲ್ಲ. ಹಾಗೆ ಸುಲಿದ ಮಾತುಗಳಲ್ಲಿ ಬೆಲೆಯ ವ್ಯತ್ಯಾಸ ತಿಳಿದವನು ಓಥಾ. ‘ಐಮಾ’ ಎಂದರೆ ಮಾಡುತ್ತೇನೆ ಎಂದು. ಇವತ್ತು ಮಾಡಬಹುದು, ನಾಳೆ ಮಾಡಬಹುದು, ಹೆಣವಾದ ಮೇಲೂ ಮಾಡಬಹುದು. ‘ಫಿನ್ನ’ ಎಂದರೆ ಬೇರೆ. ಆಗಲೇ ಒಂದು ಕಾಲು ಮೆಟ್ಟಿಲಿನಿಂದ ಕೆಳಗಿಟ್ಟಾಗಿದೆ ಎಂದು ಅರ್ಥ. ಅರ್ಧ ಬೀದಿಯ ಗಂಡಸರು ‘ಐಮಾ’ ಎನ್ನಬೇಕಾದಲ್ಲಿ ‘ಫಿನ್ನ’ ಎಂದು ಹೆಂಡಿರನ್ನು ನಂಬಿಸಿ ಹೆಸರು ಕೆಡಿಸಿಕೊಂಡಿದ್ದರು. ಓಥಾ ‘ಫಿನ್ನ ತರ್ತೀನಿ’ ಎಂದನೆಂದರೆ ಹೆಂಗಸರು ಇನ್ನೂ ಬಾರದ ಬೆಂಡೆಕಾಯಿಗೆ ಒಗ್ಗರಣೆ ಇಡುತ್ತಿದ್ದರು.

ಇನ್ನು ‘ಆಯ್ಟ್’. ಆ ಒಂದು ಮಾತಿಗೆ ನಾವು ಹಚ್ಚಿದಷ್ಟು ಕೆಲಸ ಯಾವ ಎತ್ತಿಗೂ ಯಾರೂ ಹಚ್ಚಿಲ್ಲ. ಕ್ಷೇಮ ಎನ್ನುವುದಕ್ಕೂ ಆಯ್ಟ್, ಒಪ್ಪಿದೆ ಎನ್ನುವುದಕ್ಕೂ ಆಯ್ಟ್, ಜಗಳ ಸಾಕು ಎನ್ನುವುದಕ್ಕೂ ಆಯ್ಟ್, ಸಾವಿನ ಮನೆಯಿಂದ ಹೊರಡುವಾಗಲೂ ಬಾಗಿಲಲ್ಲಿ ನಿಂತು ಒಂದು ಆಯ್ಟ್.

ಓಥಾನ ಬೀದಿಯಲ್ಲಿ ಒಂಟಿ ಮುದುಕ ಮುದುಕಿಯರಿದ್ದ ಮನೆ ಹನ್ನೊಂದು. ಅವರು ಕೊಳ್ಳಲಿ ಬಿಡಲಿ, ಕಿಟಕಿಯ ಕೆಳಗೆ ಗಾಡಿ ನಿಲ್ಲುತ್ತಿತ್ತು. ಓಥಾ ಮೇಲೆ ನೋಡಿ ‘ಯಾಯ್ಟ್?’ ಎನ್ನುತ್ತಿದ್ದ. ಚೆನ್ನಾಗಿದೀಯಾ ಅಂತ. ಮೇಲಿನಿಂದ ‘ಆಯ್ಟ್’ ಎಂದು ಬರಬೇಕು. ಬಂದ ಮೇಲೇ ಗಾಲಿ ಉರುಳುವುದು. ಬರದಿದ್ದರೆ ಓಥಾ ಲಗಾಮು ಬಿಟ್ಟು ಮೆಟ್ಟಿಲು ಹತ್ತುತ್ತಿದ್ದ. ವ್ಯಾಪಾರದ ದೃಷ್ಟಿಯಿಂದ ಇದು ದಿನಕ್ಕೆ ಒಂದು ಗಂಟೆಯ ನಷ್ಟ.

ಹೀಗೆ ಏಳು ವರ್ಷ ಕೇಳಿ ಕೇಳಿ, ಡಚೆಸ್‌ಗೆ ಆ ಮಾತು ಬಂದುಬಿಟ್ಟಿತ್ತು. ಕಿಟಕಿಯಿಂದ ‘ಆಯ್ಟ್’ ಎಂದು ಕೇಳಿದರೆ ಸಾಕು, ಚಾಟಿ ಬೇಡ, ಲಗಾಮು ಬೇಡ, ಹೊರಡುತ್ತಿದ್ದಳು. ಕೇಳದಿದ್ದರೆ ಅಪ್ಪನಾಣೆಗೂ ಕದಲುತ್ತಿರಲಿಲ್ಲ. ಒಮ್ಮೆ ದಢೂತಿ ಮನುಷ್ಯನೊಬ್ಬ ಗಾಡಿಗೆ ಒರಗಿ ಪೀಚ್ ಹಣ್ಣಿಗೆ ಚೌಕಾಸಿ ಮಾಡುತ್ತಿದ್ದವನು ಸೋತು ‘ಆಯ್ಟ್, ಆಯ್ಟ್!’ ಎಂದ. ಗಾಡಿ ಹೊರಟಿತು, ಅವನು ಬಿದ್ದ. ಬೀದಿ ಒಂದು ವಾರ ಆ ನಗು ಉಂಡಿತು.

ಹನ್ನೊಂದನೆಯ ಕಿಟಕಿ ಮಿಸ್ ವರ್ಡೆಲ್ ಟಿಮ್ಮನ್ಸ್‌ಳದು. ನಲವತ್ತು ವರ್ಷ ಹೋಟೆಲೊಂದರಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿ ಮುಗಿಸಿ, ಎಂಬತ್ತೊಂದರ ವಯಸ್ಸಿಗೆ ಎರಡನೆಯ ಮಹಡಿಯಿಂದ ಬೀದಿಯನ್ನು ಆಳುತ್ತಿದ್ದಳು. ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಸುತ್ತಿದ್ದಳು.

‘ಯಾಯ್ಟ್, ಮಿಸ್ ವರ್ಡೆಲ್?’

‘ಮೊನ್ನೆ ಕೊಟ್ಟ ಜೋಳ ನಿನ್ನ ಕುದುರೆಗಿಂತ ಮುದಿ ಇತ್ತು ಕಣೋ.’

‘ಮುದುಕರಿಗೆ ಮುದುಕರ ಜೊತೆ ಇರ್ಲಿ ಅಂತ ಕೊಟ್ಟೆ ಅಜ್ಜಿ.’

‘ನಿನ್ನ ಹಲ್ಲು ಎರಡು ಹೋಗಿದ್ದು ಸಾಲ್ದು. ಆಯ್ಟ್, ಹೊರಡು.’

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಜೂನ್ ತಿಂಗಳಲ್ಲಿ ಓಥಾನ ಗಂಟಲಿನಲ್ಲಿ ಗಂಟುಗಳೆದ್ದವು. ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಡಾಕ್ಟರು ಬೆರಳೆತ್ತಿ ಹೇಳಿದರು: ಆರು ವಾರ ಮಾತಿಲ್ಲ, ಪಿಸುಮಾತೂ ಇಲ್ಲ, ಒಂದು ಸಲ ಕೂಗಿದರೂ ಆ ಗಂಟಲು ಮತ್ತೆ ಕೂಗುವುದಿಲ್ಲ. ಓಥಾ ‘ಆಯ್ಟ್’ ಎನ್ನಲು ಹೋಗಿ ಬಾಯಿ ಮುಚ್ಚಿಕೊಂಡ.

ಆರು ವಾರ ಮನೆಯಲ್ಲಿ ಕೂರೋಣವೆಂದರೆ ಲಾಯದ ಕಟ್ಟಳೆ ಅಡ್ಡ ಬಂತು. ಬೀದಿಗಳನ್ನು ನಮ್ಮವರು ಪತ್ರ ಬರೆದು ಹಂಚಿಕೊಂಡವರಲ್ಲ, ಕೂಗಿನಿಂದ ಹಿಡಿದವರು. ಯಾರ ಕೂಗು ಕೇಳುತ್ತದೋ ಬೀದಿ ಅವನದು. ಸಾಲಾಗಿ ಎರಡು ಶನಿವಾರ ಕೂಗು ಕೇಳದ ಬೀದಿ ಯಾರದೂ ಅಲ್ಲ. ಮೊದಲು ಗಾಡಿ ಹೊಡೆದವನದು. ಅಪ್ಪನಿಂದ ಬಂದ ಬೀದಿ, ಇಪ್ಪತ್ತಾರು ವರ್ಷ ತಾನೇ ದುಡಿದ ಬೀದಿ, ಎರಡು ಶನಿವಾರದ ಮೌನಕ್ಕೆ ಹೋಗುವುದರಲ್ಲಿತ್ತು. ನಲವತ್ತೊಂಬತ್ತರ ವಯಸ್ಸಿನಲ್ಲಿ, ಎಳೆತದ ಕಾಲು ಹೊತ್ತು, ಬೇರೆ ಯಾವ ಬೀದಿಗೆ ಹೋಗುವುದು?

ಅದನ್ನು ಹಿಡಿಯುವುದಕ್ಕೆ ಒಬ್ಬ ಸಿದ್ಧನಾಗಿಯೂ ಇದ್ದ. ಲಾಯದಲ್ಲಿ ಡಚೆಸ್‌ಳ ಪಕ್ಕದ ಕುದುರೆಯ ಯಜಮಾನ, ಅಲೋಂಜೊ ಬೂನ್. ಮೂವತ್ತರ ವಯಸ್ಸು, ಹೊಸ ಬಣ್ಣದ ಗಾಡಿ, ನೆಟ್ಟಗೆ ನಿಲ್ಲುವ ತಕ್ಕಡಿ, ಬಾಯಿ ತುಂಬ ಹಲ್ಲು. ಅವನಿಗಿದ್ದ ಕೊರತೆ ಒಂದೇ, ಒಳ್ಳೆಯ ಬೀದಿ. ಅವನು ಬೆಣ್ಣೆ ಕೇಕ್ ಹಿಡಿದುಕೊಂಡು ಓಥಾನನ್ನು ವಿಚಾರಿಸಲು ಬಂದ. ಬಾಗಿಲು ತೆರೆದವಳು ಓಥಾನ ಹೆಂಡತಿ ಯೂಲಾ.

‘ಅಕ್ಕಾ, ಓಥಾಣ್ಣ ಹೆಂಗಿದಾನೆ?’

‘ನೀ ನೋಡೋಕ್ ಬಂದಿದ್ದು ಅವನ ಗಂಟ್ಲನ್ನೋ, ಬೀದೀನೋ?’

‘ಎಂಥ ಮಾತು ಅಕ್ಕಾ! ಕೇಕ್ ತಂದಿದೀನಿ.’

‘ಕೇಕ್ ಇಲ್ಲಿಟ್ಟು ಹೋಗು. ಕಣ್ಣು ಮಾತ್ರ ವಾಪಸ್ ತಗೊಂಡ್ಹೋಗು.’

ಒಳಗೆ ಕುರ್ಚಿಯಲ್ಲಿದ್ದ ಓಥಾನಿಗೆ ಎಲ್ಲಾ ಕೇಳಿಸಿತು. ನಗು ಬಂತು, ನಗುವುದೂ ನಿಷಿದ್ಧ. ಕೇಕ್ ಮಾತ್ರ ಚೆನ್ನಾಗಿತ್ತು.

ಮೊದಲನೆಯ ಶನಿವಾರಕ್ಕೆ ಯೂಲಾ ತನ್ನ ತಮ್ಮ ಡೆಲ್ಮರ್‌ನನ್ನು ಗಾಡಿ ಹತ್ತಿಸಿದಳು. ಡೆಲ್ಮರ್ ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದುವವನು. ಅವನ ಬಾಯಿಂದ ಬಂದ ಮಾತಿಗೆ ಒಂದು ಸುಕ್ಕಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ್ದು.

‘ನೀನು ಯೋಚನೆ ಮಾಡಬೇಡ ಭಾವ,’ ಎಂದ. ‘ನಾಲ್ಕು ಜನಕ್ಕೆ ಅರ್ಥವಾಗುವ ಹಾಗೆ ಮಾತಾಡಿದರೆ ವ್ಯಾಪಾರ ಎರಡರಷ್ಟಾಗುತ್ತದೆ.’

ಗಾಡಿ ಬೀದಿಗೆ ತಿರುಗಿತು. ಡೆಲ್ಮರ್ ಎದ್ದು ನಿಂತು ಟೈ ಸರಿಮಾಡಿಕೊಂಡು ಸಾರಿದ: ‘ಸಹೋದರಿಯರೇ, ಇಂದು ತಮಗಾಗಿ ಉತ್ತಮ ದರ್ಜೆಯ ಕರಬೂಜದ ಹಣ್ಣುಗಳು ಬಂದಿರುತ್ತವೆ!’

ಬಿಳಿ ಅಮೃತಶಿಲೆಯ ಮೆಟ್ಟಿಲು ತಿಕ್ಕುತ್ತಿದ್ದ ಹೆಂಗಸರು ಬಕೆಟ್ಟು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದರು. ಅಷ್ಟು ತಿದ್ದಿದ ಮಾತು ಆಡುವವನು ಒಂದೋ ಓಟು ಕೇಳುವವನು, ಇಲ್ಲವೇ ಸಾವಿನ ವಿಮೆ ಮಾರುವವನು. ಅವರ ಅನುಭವ ಹಾಗಿತ್ತು, ತಪ್ಪೆನ್ನಲಾಗದು.

ಹತ್ತು ಕಿಟಕಿಯ ಕೆಳಗೆ ಡಚೆಸ್‌ಳನ್ನು ದಬ್ಬಿ, ಎಳೆದು, ಸಕ್ಕರೆ ತಿನ್ನಿಸಿ ಹೇಗೋ ದಾಟಿಸಿದ. ಹನ್ನೊಂದನೆಯದರ ಹತ್ತಿರ ಟೋಪಿ ತೆಗೆದು, ‘ಮಾನ್ಯರೇ, ತಾವು ಕ್ಷೇಮವಾಗಿರುವಿರಾ?’ ಎಂದ.

ಮಿಸ್ ವರ್ಡೆಲ್‌ಗೆ ಚರ್ಚಿನ ನೆನಪಾಯಿತು. ಬೆನ್ನು ನೆಟ್ಟಗೆ ಮಾಡಿದಳು. ‘ದೇವರ ದಯೆಯಿಂದ ಕ್ಷೇಮವಾಗಿದ್ದೇನೆ, ಸಹೋದರ ಡೆಲ್ಮರ್. ತಾವು?’

‘ನಾನೂ ಕ್ಷೇಮ.’

ಇಬ್ಬರೂ ಕ್ಷೇಮ. ಕುದುರೆ ಮಾತ್ರ ಕಂಬದಂತೆ ನಿಂತಿತು. ಅವರು ಆಡಿದ್ದರಲ್ಲಿ ತನಗೆ ಸಂಬಂಧಪಟ್ಟದ್ದು ಏನೂ ಇಲ್ಲವೆಂಬಂತೆ ಕಿವಿ ಹಿಂದಕ್ಕೆ ಮಡಿಸಿತು. ಈ ಸಲ ಸಕ್ಕರೆಯೂ ಮುಗಿದಿತ್ತು. ಹಿಂದೆ ಬಸ್ಸು ನಿಂತಿತು, ಬಸ್ಸಿನ ಹಿಂದೆ ಐಸ್ ಲಾರಿ. ಡೆಲ್ಮರ್ ಕುದುರೆಗೆ ಬೈಬಲ್ಲಿನ ಭಾಷೆಯಲ್ಲಿ ಬುದ್ಧಿ ಹೇಳಿದ. ಅರ್ಧ ಗಂಟೆ ಕಳೆಯಿತು. ಕೊನೆಗೆ ಬಸ್ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, ‘ಏಯ್, ಹಣ್ಣಿನ್ ಸ್ವಾಮಿಗಳೇ! ಆಯ್ಟ್, ಗೊತ್ತಾಯ್ತು, ಆಯ್ಟ್! ಸಾಕು!’ ಎಂದು ಕಿರುಚಿದ.

ಡಚೆಸ್ ಹೊರಟಳು. ಡೆಲ್ಮರ್ ಹಿಂದೆ ಓಡಿದ.

ಲಾಯದ ಹಿರಿಯ ಸ್ಟೋಕ್ಸ್ ತಾತ ಎಲ್ಲವನ್ನೂ ಮೂಲೆಯಲ್ಲಿ ನಿಂತು ಕೇಳಿದ್ದ. ಸಂಜೆ ತೀರ್ಪು ಕೊಟ್ಟ: ‘ಅದು ಓಥಾ ಕೂಗಲ್ಲ, ಚರ್ಚಿನ ನೋಟೀಸು. ಒಂದು ಶನಿವಾರ ಹೋಯ್ತು.’

ಆ ವಾರ ಓಥಾ ಕುರ್ಚಿಯಲ್ಲಿ ಕೂರಲಿಲ್ಲ. ತನ್ನ ಬಾಯಿಗೆ ಬದಲಿ ಹುಡುಕಿಕೊಂಡು ಪೇಟೆ ಸುತ್ತಿದ. ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದು ಹಿತ್ತಾಳೆ ಗಂಟೆ ಸಿಕ್ಕಿತು. ಅಲ್ಲಾಡಿಸಿ ನೋಡಿದ, ಮೂರು ಬೀದಿಗೆ ಕೇಳುವಂಥ ನಾದ. ಇಷ್ಟು ವರ್ಷ ಬೀದಿಯಲ್ಲಿ ಇದ್ದವನಿಗೆ ಒಂದು ವಿಷಯ ಹೊಳೆಯದೆ ಹೋಯಿತು. ತನ್ನ ಕೂಗಿನ ಗಲಾಟೆಯಲ್ಲಿ ಅವನು ಬೇರೆಯವರ ಸದ್ದಿಗೆ ಎಂದೂ ಕಿವಿ ಕೊಟ್ಟವನಲ್ಲ.

ಎರಡನೆಯ ಶನಿವಾರ ಕತ್ತಿಗೆ ಮಫ್ಲರ್ ಸುತ್ತಿ ತಾನೇ ಗಾಡಿ ಹತ್ತಿದ. ಐವತ್ತು ಹೆಜ್ಜೆ ಹಿಂದೆ ಬೂನ್‌ನ ಗಾಡಿ. ಅದರ ಮೇಲೆ ಸಾಕ್ಷಿಗೆಂದು ಸ್ಟೋಕ್ಸ್ ತಾತ. ಮಂಡಿನೋವಿನ ತಾತನಿಗೆ ಕೂರಲು ಬೂನ್ ದಿಂಬು ಬೇರೆ ಹಾಕಿದ್ದ. ಓಥಾ ಗಂಟೆ ಹೊಡೆದ. ಒಂದೇ ಸಲಕ್ಕೆ ಬಾಗಿಲುಗಳು ತೆರೆದವು. ಅವನ ಎದೆ ಉಬ್ಬಿತು.

ಹೆಂಗಸರು ಹೊರಗೆ ಬಂದರು. ಒಬ್ಬಳ ಕೈಯಲ್ಲಿ ಕತ್ತರಿ, ಒಬ್ಬಳ ಕೈಯಲ್ಲಿ ಮೀನು ಕೊಯ್ಯುವ ಚಾಕು, ಇನ್ನೊಬ್ಬಳು ಮಚ್ಚನ್ನೇ ತಂದಿದ್ದಳು. ನಮ್ಮ ಕಡೆ ಗಂಟೆ ಎಂದರೆ ಸಾಣೆ ಹಿಡಿಯುವವನು.

‘ಓಥಾ! ಸಾಣೆ ಹಿಡಿಯೋ ಕೆಲ್ಸ ಯಾವಾಗಿಂದ?’

‘ಹಣ್ಣು ಮಾರಿ ಮಾರಿ ಬುದ್ಧಿ ಮೊಂಡಾಯ್ತೇನೋ, ಅದನ್ನೇ ಮೊದ್ಲು ಹರಿತ ಮಾಡ್ಕೊ!’

ಓಥಾ ಗಂಟಲು ತೋರಿಸಿದ, ಹಣ್ಣು ತೋರಿಸಿದ, ಆಕಾಶ ತೋರಿಸಿದ. ಹೆಂಗಸರು ಅಯ್ಯೋ ಎಂದರು. ಮರುಕದಿಂದ ಒಂದೆರಡು ಹಣ್ಣೂ ತೆಗೆದುಕೊಂಡು, ಏನಾಗುತ್ತದೋ ನೋಡೋಣವೆಂದು ಗಾಡಿಯ ಜೊತೆಗೇ ನಡೆದರು. ಆದರೆ ಬೀದಿ ನಿಲ್ಲುವುದು ಹಣ್ಣು ಹೋದದ್ದರಿಂದಲ್ಲ, ಕೂಗು ಕೇಳಿದ್ದರಿಂದ. ಪ್ರತಿ ಮುದಿ ಕಿಟಕಿಯ ಕೆಳಗೂ ಡಚೆಸ್ ನಿಂತಳು. ಮೇಲಿನವರು ಓಥಾನ ಮುಖ ಕಂಡ ಕೂಡಲೇ, ಕೇಳದಿದ್ದರೂ, ಅಭ್ಯಾಸಬಲದಿಂದ ‘ಆಯ್ಟ್’ ಎಂದರು. ಹಾಗೆ ಗಾಡಿಯೇನೋ ಸಾಗಿತು. ಕೂಗು ಮಾತ್ರ ಎಲ್ಲೂ ಇಲ್ಲ. ಹಿಂದಿನ ಗಾಡಿಯಲ್ಲಿ ಬೂನ್ ಆಗಲೇ ಕರಬೂಜಗಳನ್ನು ಚೆಂದಗೆ ಜೋಡಿಸತೊಡಗಿದ್ದ.

ಹನ್ನೊಂದನೆಯ ಕಿಟಕಿ. ಮುಂದಿನ ಮೂಲೆ ತಿರುಗಿದರೆ ಬೀದಿ ಮುಗಿಯಿತು.

ಡಚೆಸ್ ನಿಂತಳು. ಮಿಸ್ ವರ್ಡೆಲ್ ಕಿಟಕಿಯಲ್ಲಿದ್ದಳು, ಆದರೆ ‘ಆಯ್ಟ್’ ಎನ್ನಲಿಲ್ಲ. ಓಥಾನ ಕತ್ತಿನ ಮಫ್ಲರ್ ನೋಡುತ್ತಿದ್ದಳು. ಓಥಾ ಹಿಂದೆ ತಿರುಗಿ ಬೂನ್‌ನ ಗಾಡಿ ನೋಡಿದ, ಮುಂದೆ ಮೂಲೆ ನೋಡಿದ. ಒಂದು ಕೂಗು ಸಾಕು. ಆಮೇಲೆ ಗಂಟಲು ಹಾಳಾಗಿಹೋಗಲಿ, ಬೀದಿಯಂತೂ ಉಳಿಯುತ್ತದೆ ಎಂದು ಲೆಕ್ಕ ಹಾಕಿದ. ಕೂಗಿಲ್ಲದ ಗಂಟಲಿಗೆ ಮುಂದಿನ ಶನಿವಾರ ಬೀದಿ ಹೇಗೆ ಉಳಿಯುತ್ತದೆ ಎಂಬ ಲೆಕ್ಕ ಹೊಳೆಯಲಿಲ್ಲ. ಮಫ್ಲರ್ ಬಿಚ್ಚಿದ. ಎದೆ ತುಂಬ ಉಸಿರೆಳೆದ. ಬಾಯಿ ತೆರೆದ.

‘ಮುಚ್ಚೋ ಬಾಯಿ!’

ಇಡೀ ಬೀದಿ ಮೇಲೆ ನೋಡಿತು.

‘ಓಥಾ ಪೀಬಲ್ಸ್, ಆ ಬಾಯಿಂದ ಒಂದ್ ಸೊಲ್ಲು ಈಚೆ ಬಂತೋ, ಈ ಹೂವಿನ ಕುಂಡ ನಿನ್ನ ಟೋಪಿ ಮೇಲೆ! ಇಷ್ಟ್ ವರ್ಷ ನೀ ಕೇಳ್ದೆ, ನಾ ಹೇಳ್ದೆ. ಇವತ್ತು ನಾ ಕೇಳ್ತೀನಿ.’ ಕಿಟಕಿಯ ಚೌಕಟ್ಟು ಹಿಡಿದು ಬಗ್ಗಿದಳು. ‘ಯಾಯ್ಟ್?’

ಓಥಾ ಬಾಯಿ ಮುಚ್ಚಿದ. ಟೋಪಿ ಮುಟ್ಟಿ ತಲೆಯಾಡಿಸಿದ. ಮುಖ ಬೇರೆ ಏನನ್ನೋ ಹೇಳುತ್ತಿತ್ತು. ತಲೆಯಾಡಿಸಿದ್ದನ್ನು ಡಚೆಸ್ ಗಣನೆಗೆ ತೆಗೆದುಕೊಳ್ಳಲಿಲ್ಲ.

ಆಗ ಮಚ್ಚು ಹಿಡಿದು ನಿಂತಿದ್ದ ಹೆಂಗಸು ಬೀದಿಯ ಆಚೆ ಬದಿಯಿಂದ ಕೂಗಿ ಹೇಳಿದಳು: ‘ಅವ್ನು ಆಯ್ಟ್, ಮಿಸ್ ವರ್ಡೆಲ್!’

ಡಚೆಸ್‌ಳ ಕಿವಿ ನೆಟ್ಟಗಾಯಿತು. ಗಾಲಿ ಒಂದು ಸುತ್ತು ಉರುಳಿತು.

ಮಿಸ್ ವರ್ಡೆಲ್ ಅಷ್ಟಕ್ಕೇ ಬಿಡಲಿಲ್ಲ. ಎಂಬತ್ತೊಂದು ವರ್ಷದ, ನೂಲಿನಂಥ ದನಿಯಲ್ಲಿ ಎಳೆದಳು: ‘ನರನ್‌ಲೋ... ಓ... ಓಪ್!’ ಕೆಳಗಿನ ಮೆಟ್ಟಿಲಿನವಳು ಅದನ್ನು ಹಿಡಿದಳು. ಪಕ್ಕದವಳು ಅವಳಿಂದ ಹಿಡಿದಳು. ಕತ್ತರಿಯವಳು, ಚಾಕುವಿನವಳು, ಬಾಗಿಲಿಗೆ ಒರಗಿದ್ದ ಗಂಡಸರು, ಹಿಂದೆ ಬಿಟ್ಟುಬಂದ ಹತ್ತು ಕಿಟಕಿಗಳು. ಇಷ್ಟು ವರ್ಷ ಕಿವಿಗೆ ಬಿದ್ದದ್ದು ಎಲ್ಲರ ಬಾಯಲ್ಲೂ ಹಾಗೆಯೇ ಇತ್ತು. ಎಲ್ಲಿ ಎಳೆಯಬೇಕು, ಎಲ್ಲಿ ನುಂಗಬೇಕು, ಒಂದು ಎಳೆ ತಪ್ಪಲಿಲ್ಲ. ಕೂಗು ಗಾಡಿಗಿಂತ ಮುಂದೆ ಓಡಿ ಮೂಲೆ ತಿರುಗಿತು. ಆಚೆ ಬೀದಿಯವರೂ ಕೈಯೊರೆಸಿಕೊಂಡು ಹೊರಗೆ ಬಂದರು.

ಓಥಾ ಲಗಾಮು ಹಿಡಿದು ಕೂತಿದ್ದ. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲವಂತೆ. ಸದ್ದಿಲ್ಲದೆ ಅಳಬೇಕಾದ ಕಷ್ಟ ಬೇರೆ.

ಹಿಂದಿನ ಗಾಡಿಯಲ್ಲಿ ಬೂನ್ ವಾದ ತೆಗೆದ: ‘ತಾತ, ಕೂಗಿದ್ದು ಅವನಲ್ವಲ್ಲ!’

‘ಕಟ್ಟಳೆ ಏನು?’ ಎಂದ ಸ್ಟೋಕ್ಸ್ ತಾತ. ‘ಬೀದೀಲಿ ಅವನ ಕೂಗು ಕೇಳ್ಬೇಕು. ಯಾರ ಬಾಯಿಂದ ಅಂತ ನಮ್ಮಪ್ಪನೂ ಹೇಳಿಲ್ಲ, ನಿಮ್ಮಪ್ಪನೂ ಹೇಳಿಲ್ಲ. ಡೆಲ್ಮರ್ ಕೂಗಿದ್ದು ಡೆಲ್ಮರ್ ಮಾತು. ಇದು ಯಾರ್ದು?’

‘...ಓಥಾದು.’

‘ಕೇಳಿಸ್ತೋ ಇಲ್ವೋ?’

‘ಕೇಳಿಸ್ತು.’

‘ಹಂಗಾದ್ರೆ ಗಾಡಿ ತಿರುಗ್ಸು. ದಿಂಬು ಚೆನ್ನಾಗಿದೆ, ಲಾಯದ ತನಕ ಇರ್ಲಿ.’

ಆರು ವಾರ ಮುಗಿಯುವ ತನಕ ಆ ಬೀದಿ ಓಥಾನ ಪರವಾಗಿ ಕೂಗಿತು. ಗಂಟಲು ಮರಳಿತು, ಸ್ವಲ್ಪ ಒರಟಾಗಿ. ಆಮೇಲೂ ಅವನು ‘ನರನ್’ ಎಂದರೆ ಯಾವುದಾದರೊಂದು ಮೆಟ್ಟಿಲಿನಿಂದ ‘ಲೋಪ್’ ಎಂದು ಉತ್ತರ ಬರುತ್ತಿತ್ತು. ಬೇಸಿಗೆಯ ಬೆಳಗಿನಲ್ಲಿ, ಒದ್ದೆ ಅಮೃತಶಿಲೆಯ ಮೇಲೆ ಬಿಸಿಲು ಬಿದ್ದ ಹೊತ್ತಿನಲ್ಲಿ ಆ ಕೂಗು, ಆ ಉತ್ತರ ಕೇಳಿದವರು ಈಗ ಬೆರಳೆಣಿಕೆಯಷ್ಟು. ಇಪ್ಪತ್ತು ಗಾಡಿ ಹನ್ನೆರಡಾದವು, ಹನ್ನೆರಡು ಐದಾದವು. ಹಣ್ಣು ದೊಡ್ಡ ಅಂಗಡಿಗಳಿಗೆ ಹೋಯಿತು. ಅಲ್ಲಿ ಎಲ್ಲದರ ಮೇಲೂ ಪೂರ್ತಿ ಹೆಸರು ಬರೆದಿರುತ್ತದೆ, ಯಾರೂ ಕೂಗುವುದಿಲ್ಲ.

ಎಪ್ಪತ್ತೊಂಬತ್ತರ ಫೆಬ್ರವರಿಯ ಒಂದು ಬೆಳಿಗ್ಗೆ ಹನ್ನೊಂದನೆಯ ಕಿಟಕಿಯಿಂದ ಉತ್ತರ ಬರಲಿಲ್ಲ. ಓಥಾ ಎರಡು ಸಲ ಕೇಳಿದ, ಲಗಾಮು ಬಿಟ್ಟ, ಮೆಟ್ಟಿಲು ಹತ್ತಿದ. ಮಿಸ್ ವರ್ಡೆಲ್ ನಿದ್ದೆಯಲ್ಲೇ ಹೋಗಿದ್ದಳು. ಮಾಡಬೇಕಾದ್ದನ್ನೆಲ್ಲ ಮಾಡಿ, ಹೇಳಬೇಕಾದವರಿಗೆಲ್ಲ ಹೇಳಿ ಕೆಳಗೆ ಬಂದಾಗ ಡಚೆಸ್ ಹಿಮದಲ್ಲಿ ಹಾಗೇ ನಿಂತಿದ್ದಳು. ಎಳೆದರೂ ಬರಲಿಲ್ಲ. ಓಥಾ ಒಂದಷ್ಟು ಹೊತ್ತು ಅವಳ ಕತ್ತು ಸವರಿದ. ಕೊನೆಗೆ ಕಿಟಕಿಯ ಕಡೆ ಮುಖ ಮಾಡಿ, ಮುದುಕಿಯ ಪರವಾಗಿ ತಾನೇ ‘ಆಯ್ಟ್’ ಎಂದ. ಆಗ ಹೊರಟಳು.

‘ಐಮಾ ಬಿಡ್ತೀನಿ ಈ ಕೆಲ್ಸ,’ ಎಂದು ಅವನು ಗಂಟಲು ಕೊಯ್ಸಿಕೊಂಡಾಗಿನಿಂದ ಹನ್ನೆರಡು ವರ್ಷ ಹೇಳಿದ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಐಮಾ ತಾನೆ. ಎಂಬತ್ತಾರರ ಅಕ್ಟೋಬರಿನಲ್ಲಿ ಒಂದು ದಿನ ಲಾಯದಲ್ಲಿ ಡಚೆಸ್‌ಳ ಮೈ ಉಜ್ಜುತ್ತ, ಪಕ್ಕದ ಬೂನ್‌ಗೆ ಕೇಳುವಷ್ಟೇ ದನಿಯಲ್ಲಿ, ‘ಫಿನ್ನ ಬಿಡ್ತೀನಿ,’ ಎಂದ. ಬೂನ್ ಕೈಯಲ್ಲಿದ್ದ ಬ್ರಷ್ಷು ಕೆಳಗಿಟ್ಟ.

‘ಬೀದಿ ನೀ ತಗೋ,’ ಎಂದ ಓಥಾ. ‘ನಿಂಗೆ ಅದರ ಮೇಲೆ ಮೊದ್ಲಿಂದ್ಲೂ ಕಣ್ಣು. ಕೂಗು ನಿಂದೇ ಮಾಡ್ಕೊ. ಕಿಟಕಿಗಳ್ನ ಮಾತ್ರ ಬಿಡ್ಬೇಡ.’

ಬೂನ್ ‘ಆಯ್ಟ್’ ಎಂದ. ಗಾಡಿ ಕಟ್ಟಿರಲಿಲ್ಲ, ಏನೂ ಇರಲಿಲ್ಲ. ಆದರೂ ಡಚೆಸ್ ಒಂದು ಹೆಜ್ಜೆ ಮುಂದಿಟ್ಟಳು.

ಆ ಅಲೋಂಜೊ ಬೂನ್ ನಾನೇ. ಬೆಣ್ಣೆ ಕೇಕ್ ನನ್ನದು, ದಿಂಬು ನನ್ನದು. ಈಗ ಆ ಬೀದಿಯಲ್ಲಿ ನಾಲ್ಕು ಕಿಟಕಿ ಉಳಿದಿವೆ. ಗಾಡಿ ನಿಲ್ಲಿಸಿ ಕೇಳುವುದನ್ನೂ, ಉತ್ತರ ಬರುವ ತನಕ ಕಾಯುವುದನ್ನೂ ನಾನು ಕಲಿತದ್ದು ಓಥಾ ಪೀಬಲ್ಸ್‌ನಿಂದ.